ಬಟ್ಟೆ ಬಿಗಿ, ದಾರ ಸಡಿಲ: ಪಂಚ್ ನೀಡಲ್ ಶುರು ಮಾಡುವವರಿಗೆ

ಪೊಳ್ಳು ಸೂಜಿಯಿಂದ ಬಟ್ಟೆಗೆ ದಾರ ಚುಚ್ಚಿ ಚಿತ್ರ ತುಂಬುವ ಪಂಚ್ ನೀಡಲ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಅಂತ ಓಣಿಯವರು, ಆಫೀಸಿನ ಗೆಳತಿಯರು ಕೇಳುತ್ತಲೇ ಇರುತ್ತಾರೆ. ಎಲ್ಲರಿಗೂ ನಾನು ಮೊದಲು ಹೇಳುವುದು ಒಂದೇ ಮಾತು. ಬಟ್ಟೆ ಬಿಗಿ ಇರಲಿ, ದಾರ ಸಡಿಲ ಇರಲಿ. ಯಾವ ಬಣ್ಣ, ಯಾವ ಚಿತ್ರ, ಯಾವ ಕಂಪನಿಯ ಸೂಜಿ, ಅದೆಲ್ಲ ಆಮೇಲೆ ನೋಡಿಕೊಂಡರಾಯಿತು. ಇವೆರಡು ಸರಿ ಇದ್ದರೆ ಕೂತ ದಿನವೇ ಕೈ ಓಡುತ್ತದೆ. ಎರಡರಲ್ಲಿ ಒಂದು ತಪ್ಪಿದರೂ, ಎಷ್ಟೇ ದುಬಾರಿ ಸೂಜಿ ಇರಲಿ, ಹಾಕಿದ ಹೊಲಿಗೆ ನಿಲ್ಲುವುದಿಲ್ಲ.

ಮೊದಲು ಈ ಸೂಜಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಇದು ಒಳಗೆ ಪೊಳ್ಳು. ದಾರ ಹಿಡಿಕೆಯ ಹಿಂದಿನಿಂದ ಒಳಗೆ ಹೋಗಿ, ತುದಿಯಲ್ಲಿ ಹೊರಗೆ ಬಂದು, ಅಲ್ಲೇ ಇರುವ ಕಣ್ಣಿನಲ್ಲಿ ತೂರುತ್ತದೆ. ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿದಾಗ ಅದರ ಜೊತೆ ದಾರವೂ ಕೆಳಗೆ ಇಳಿಯುತ್ತದೆ. ಸೂಜಿ ಮೇಲೆ ಬಂದಾಗ ದಾರ ಬಟ್ಟೆಯ ಕೆಳಗೇ ಉಳಿದು ಒಂದು ಕುಣಿಕೆಯಾಗುತ್ತದೆ. ಹೀಗೆ ಚುಚ್ಚುತ್ತಾ ಹೋದರೆ ನಮ್ಮ ಕಣ್ಣಿಗೆ ಕಾಣುವ ಬದಿಯಲ್ಲಿ ಸಪಾಟಾದ ಹೊಲಿಗೆ, ಕೆಳಗಿನ ಬದಿಯಲ್ಲಿ ಸಾಲು ಸಾಲು ಕುಣಿಕೆ. ಗಂಟು ಎಲ್ಲಿಯೂ ಇಲ್ಲ.

ನಮ್ಮ ಧಾರವಾಡದ ಕಡೆಯವರಿಗೆ ಇಲ್ಲೇ ಒಂದು ತೊಡಕು. ನಾವು ಕಸೂತಿ ನೋಡಿ ಬೆಳೆದವರು. ನನ್ನ ಚಿಗವ್ವ ಇವತ್ತಿಗೂ ಇಳಕಲ್ ಸೀರೆಯ ಮೇಲೆ ಎಳೆ ಎಣಿಸಿ ಗೋಪುರ, ತೇರು, ತುಳಸಿಕಟ್ಟೆ ಹಾಕುತ್ತಾಳೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ, ನಾಲ್ಕೂ ಹೊಲಿಗೆ ಅವಳ ಕೈಯಲ್ಲಿ ಪಳಗಿವೆ. ಕಸೂತಿ ಮಾಡುವವರು ಬೇರೆಯವರ ಕೆಲಸ ಕೈಗೆ ಬಂದ ಕೂಡಲೇ ತಿರುಗಿಸಿ ಹಿಂಬದಿ ನೋಡುತ್ತಾರೆ. ಗವಂತಿ, ಮುರ್ಗಿಗಳಲ್ಲಿ ಎರಡೂ ಬದಿ ಒಂದೇ ಥರ ಕಾಣಬೇಕು, ಅದೇ ಕೈಚಳಕದ ಪರೀಕ್ಷೆ. ನಾನು ಪಂಚ್ ನೀಡಲ್‌ನಲ್ಲಿ ಮಾಡಿದ ದಿಂಬಿನ ಕವರನ್ನು ಚಿಗವ್ವ ಕೈಗೆ ತಗೊಂಡು ಹಾಗೇ ತಿರುಗಿಸಿದಳು. ಮತ್ತೆ ಈ ಕಡೆ ತಿರುಗಿಸಿದಳು.

"ಇದರಾಗ ಸುಲ್ಟಾ ಯಾವುದವಾ, ಉಲ್ಟಾ ಯಾವುದು?"

"ಎರಡೂ ಸುಲ್ಟಾನ ಚಿಗವ್ವಾ. ನಿನಗ ಯಾವುದು ಚಂದ ಕಾಣತೈತಿ ಅದನ್ನ ಮುಂದ ಮಾಡ್ಕೋ."

ಅವಳು ಮಾತಾಡಲಿಲ್ಲ. ಅಂಚಿನಲ್ಲಿದ್ದ ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿದಳು. ಒಂದು ಹೊಲಿಗೆ ಬಿಚ್ಚಿತು, ಇನ್ನೊಂದು ಬಿಚ್ಚಿತು. ಹೀಗೇ ಜಗ್ಗಿದರೆ ಇಡೀ ಸಾಲು ಬರುತ್ತದೆ ಅನ್ನುವುದು ಅವಳಿಗೆ ಗೊತ್ತಾಯಿತು. "ಗಂಟಿಲ್ಲ, ತಿರುಗಿ ಬರೂದೂ ಇಲ್ಲ. ಮತ್ತ ಇದು ನಿಲ್ಲೂದು ಹೆಂಗ?"

ಎಷ್ಟು ಸರಿಯಾದ ಪ್ರಶ್ನೆ! ಕಸೂತಿಯಲ್ಲೂ ಗಂಟಿಲ್ಲ. ಆದರೆ ಗವಂತಿಯಲ್ಲಿ ದಾರ ಒಂದು ಎಡೆ ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗುತ್ತದೆ, ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಎಡೆಗಳನ್ನೆಲ್ಲ ತುಂಬುತ್ತದೆ. ಹೋಗಿ ಬಂದ ದಾರ ಅಲ್ಲೇ ಗಟ್ಟಿಯಾಗುತ್ತದೆ. ಪಂಚ್ ನೀಡಲ್‌ನಲ್ಲಿ ದಾರ ವಾಪಸ್ ಬರುವುದೇ ಇಲ್ಲ. ಇಲ್ಲಿ ಹೊಲಿಗೆಯನ್ನು ಹಿಡಿಯುವುದು ಬಟ್ಟೆಯ ಎಳೆಗಳು. ಬಟ್ಟೆಯನ್ನು ಎಳೆದು ಕೂರಿಸುವ ರಿಂಗಿನಲ್ಲಿ ಅದು ಬಿಗಿಯಾಗಿದ್ದಾಗ ಎಳೆಗಳ ನಡುವಿನ ತೂತು ಅಗಲವಾಗಿರುತ್ತದೆ, ಸೂಜಿ ಸಲೀಸಾಗಿ ಇಳಿಯುತ್ತದೆ. ಸೂಜಿ ಹೊರಬಂದ ಮೇಲೆ ಎಳೆಗಳು ಕೂಡಿಕೊಳ್ಳುತ್ತವೆ. ಕೆಲಸ ಮುಗಿಸಿ ಬಟ್ಟೆಯನ್ನು ರಿಂಗಿನಿಂದ ಬಿಡಿಸಿದಾಗ ಇನ್ನಷ್ಟು ಕೂಡಿಕೊಂಡು ಕುಣಿಕೆಯನ್ನು ಅವಚಿ ಹಿಡಿಯುತ್ತವೆ. ಪಕ್ಕ ಪಕ್ಕದ ಕುಣಿಕೆಗಳೂ ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಬಟ್ಟೆ ಬಿಗಿ ಇರಲಿ ಅಂತ ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಈಗ ಬಟ್ಟೆ. ಹೊರದೇಶದವರು ಈ ಕೆಲಸಕ್ಕೆ ಮಂಕ್ಸ್ ಕ್ಲಾತ್ ಅನ್ನುವ ಹತ್ತಿ ಬಟ್ಟೆ ಬಳಸುತ್ತಾರೆ. ಎರಡೆರಡು ಎಳೆ ಜೋಡಿಸಿ ನೇಯ್ದದ್ದು, ಇಂಚಿಗೆ 12ರಿಂದ 14 ತೂತು. ಆನ್‌ಲೈನ್‌ನಲ್ಲಿ ಸಿಗುತ್ತದೆ. ಆದರೆ ಕಲಿಯುವಾಗ ಅದೇ ಆಗಬೇಕು ಅಂತೇನಿಲ್ಲ. ಎರಡೆರಡು ಎಳೆ ಸೇರಿಸಿ ನೇಯ್ದ ದೋಸೂತಿ ಬಟ್ಟೆ ಅಥವಾ ಸ್ವಲ್ಪ ದಪ್ಪ ನೇಯ್ಗೆಯ ಮ್ಯಾಟಿ ಬಟ್ಟೆ ಸಾಕು. ಹುಬ್ಬಳ್ಳಿ ದುರ್ಗದಬೈಲಿನ ಕಡೆ, ಇಲ್ಲಾ ಧಾರವಾಡದ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿಗಳಲ್ಲಿ ಕೇಳಿ. ಮ್ಯಾಟಿ ಅಂದರೆ ಅಂಗಡಿಯವರು ಮೊದಲು ಸಣ್ಣ ತೂತಿನದನ್ನೇ ತೆಗೆದು ಹಾಕುತ್ತಾರೆ. "ಇನ್ನೊಂದೀಟು ದಪ್ಪ ಎಳಿದು ತೋರಸ್ರಿ" ಅನ್ನಿ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ತೂತುಗಳು ಬರಿಗಣ್ಣಿಗೆ ಕಾಣಬೇಕು. ಆಮೇಲೆ ಒಂದು ಮೂಲೆಯಲ್ಲಿ ಪೆನ್ಸಿಲ್ ತುದಿ ಒತ್ತಿ ನೋಡಿ. ಎಳೆ ಹರಿಯದೆ ಪಕ್ಕಕ್ಕೆ ಸರಿಯಬೇಕು, ಉಗುರಲ್ಲಿ ಕೆರೆದರೆ ತೂತು ಮತ್ತೆ ಮುಚ್ಚಬೇಕು. ಅಷ್ಟಾದರೆ ತಗೊಳ್ಳಿ. ಖಾದಿ ನಡೆಯುತ್ತದಾ ಅಂತ ನಮ್ಮೂರ ಕಡೆ ಕೇಳುವವರು ಜಾಸ್ತಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ಹೊಲಿಯುವ ಕಡೆಯವರು ನಾವು, ಖಾದಿ ಮೇಲೆ ಪ್ರೀತಿ ಸಹಜ ಅಲ್ವಾ? ಒತ್ತಾಗಿ ನೇಯ್ದ ಖಾದಿಯಲ್ಲಿ ಉಲ್ಲನ್ನಿನ ದಪ್ಪ ಸೂಜಿ ಇಳಿಯುವುದಿಲ್ಲ. ಸಣ್ಣ ಸೂಜಿ, ಕಸೂತಿ ದಾರದ ಎರಡು ಮೂರು ಎಳೆ ತಗೊಂಡರೆ ಆದೀತು. ಅದು ಕೈ ಕುದುರಿದ ಮೇಲಿನ ಕೆಲಸ.

ಬೇಕಾದ್ದಕ್ಕಿಂತ ಸುತ್ತಲೂ ಮೂರು ನಾಲ್ಕು ಇಂಚು ದೊಡ್ಡದಾಗಿ ಕತ್ತರಿಸಿ. ಈ ಬಟ್ಟೆಯ ಅಂಚು ಬೇಗ ಬಿಚ್ಚಿಕೊಳ್ಳುತ್ತದೆ. ಮಷೀನಿನಲ್ಲಿ ಜಿಗ್‌ಜ್ಯಾಗ್ ಹೊಡೆಯಿರಿ, ಇಲ್ಲದಿದ್ದರೆ ಮಾಸ್ಕಿಂಗ್ ಟೇಪ್ ಅಂಟಿಸಿ.

ರಿಂಗಿನ ವಿಷಯಕ್ಕೆ ಬಂದರೆ, ಬರೀ ಕಟ್ಟಿಗೆಯ ಕಸೂತಿ ರಿಂಗಿನಲ್ಲಿ ಬಟ್ಟೆ ಜಾರುತ್ತದೆ. ಚುಚ್ಚುವಾಗ ಬೀಳುವ ಒತ್ತಡ ಹಾಗಿರುತ್ತದೆ. ಇದಕ್ಕೆ ಒಂದು ಸುಲಭ ಉಪಾಯ. ಹಳೆಯ ಧೋತರದ ಮೆತ್ತನೆಯ ಪಟ್ಟಿ ಹರಿದು ಒಳಗಿನ ರಿಂಗಿಗೆ ಒತ್ತೊತ್ತಾಗಿ ಸುತ್ತಿ, ತುದಿಗೆ ಎರಡು ಹೊಲಿಗೆ ಹಾಕಿಬಿಡಿ. ಬಟ್ಟೆ ಕದಲುವುದಿಲ್ಲ. ಸ್ಕ್ರೂ ಅನ್ನು ಬೆರಳಲ್ಲಿ ತಿರುಗಿಸಿ ಬಿಡಬೇಡಿ, ಸ್ಕ್ರೂಡ್ರೈವರ್ ಹಿಡಿದು ಬಿಗಿ ಮಾಡಿ. ಬಟ್ಟೆಯನ್ನು ಎಳೆಯ ನೇರಕ್ಕೇ ಜಗ್ಗಿ, ಮೂಲೆಯಿಂದ ಮೂಲೆಗೆ ಜಗ್ಗಿದರೆ ನೇಯ್ಗೆ ಸೊಟ್ಟಗಾಗುತ್ತದೆ. ಬೆರಳಿಂದ ತಟ್ಟಿದರೆ ಹೋಳಿ ಹುಣ್ಣಿಮೆಗೆ ಕಾಯಿಸಿದ ಹಲಗಿ ವಾದ್ಯದ ಹಾಗೆ ಸಪ್ಪಳ ಬರಬೇಕು. ಸ್ವಲ್ಪ ಹೊತ್ತು ಚುಚ್ಚಿದ ಮೇಲೆ ಮತ್ತೆ ಸಡಿಲಾಗುತ್ತದೆ. ನಿಲ್ಲಿಸಿ, ಜಗ್ಗಿ, ಮುಂದುವರಿಯಿರಿ. ದೊಡ್ಡ ಕೆಲಸ ಮಾಡುವವರು ಬಡಿಗೇರರ ಹತ್ತಿರ ನಾಲ್ಕು ಪಟ್ಟಿಯ ಚೌಕಟ್ಟು ಮಾಡಿಸಿ, ಬಟ್ಟೆಯನ್ನು ಎಳೆದು ಸುತ್ತಲೂ ಪಿನ್ ಹೊಡೆದರೆ ಇನ್ನೂ ಒಳ್ಳೆಯದು.

ಸೂಜಿಯಲ್ಲಿ ಹಲವು ಬಗೆ. ಉಲ್ಲನ್ ದಾರಕ್ಕೆ ದಪ್ಪನೆಯದು, ಕಸೂತಿ ದಾರಕ್ಕೆ ತೀರಾ ಸಣ್ಣದು. ಸಣ್ಣ ಸೂಜಿಯ ಕೆಲಸ ರಷ್ಯಾದ ಕಡೆ ಬಹಳ ಕಾಲದಿಂದ ಇದೆ. ಅಮೆರಿಕದ ವರ್ಮಾಂಟ್‌ನ ಏಮಿ ಆಕ್ಸ್‌ಫರ್ಡ್ ಅನ್ನುವವರು ರೂಪಿಸಿದ ಕಟ್ಟಿಗೆ ಹಿಡಿಕೆಯ ಸೂಜಿಗಳು ಈಗ ಎಲ್ಲ ಕಡೆ ಹೆಸರುವಾಸಿ. ಅವುಗಳ ಮೇಲಿನ ನಂಬರು ಕುಣಿಕೆಯ ಎತ್ತರ ಹೇಳುತ್ತದೆ. 10ನೇ ನಂಬರಿಗೆ ಕಾಲು ಇಂಚಿನ ಕುಣಿಕೆ, 8ನೇ ನಂಬರಿಗೆ ಅರ್ಧ ಇಂಚು. ಕೈಗೆ ಹಾಯೆನಿಸುವ ಸೂಜಿ ಅದು, ಆದರೆ ಕಲಿಯಲು ಅಷ್ಟು ಖರ್ಚು ಬೇಡ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ, ಉದ್ದ ಹೆಚ್ಚು ಕಡಿಮೆ ಮಾಡಿಕೊಳ್ಳುವ ಸೂಜಿ ಸಿಗುತ್ತದೆ. ಅದರಲ್ಲೇ ಶುರು ಮಾಡಿ. ಚಿತ್ರ ಅಚ್ಚು ಹಾಕಿದ ಕಿಟ್ ಮಾತ್ರ ನನಗೆ ಇಷ್ಟವಿಲ್ಲ. ನಾನು ನೋಡಿದ ಕಿಟ್‌ಗಳಲ್ಲಿ ಬಟ್ಟೆ ಕಳಪೆ, ಕಲಿಯುವವರು ತಮ್ಮ ಕೈಯೇ ಸರಿ ಇಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಇನ್ನು ದಾರ. ಅಂಗಡಿಯಲ್ಲಿ ಸಿಗುವ ಸಾಧಾರಣ ಉಲ್ಲನ್ ಲಡಿ ಸಾಕು. ಸೂಜಿಗೂ ದಾರಕ್ಕೂ ಹೊಂದುತ್ತದಾ ಅಂತ ನೋಡಲು ಹೀಗೆ ಮಾಡಿ. ದಾರ ಪೋಣಿಸಿ, ದಾರದ ಎರಡೂ ಕಡೆ ಹಿಡಿದು ಸೂಜಿಯನ್ನು ಬಿಟ್ಟುಬಿಡಿ. ಸೂಜಿ ತನ್ನ ಭಾರಕ್ಕೇ ದಾರದ ಮೇಲೆ ಜಾರಿ ಇಳಿದರೆ ಸರಿ. ಸಿಕ್ಕಿಕೊಂಡು ನಿಂತರೆ ದಾರ ದಪ್ಪಾಯಿತು. ತೀರಾ ತೆಳು ದಾರವೂ ಬೇಡ, ಸೂಜಿ ಮಾಡಿದ ತೂತು ತುಂಬದೆ ಕುಣಿಕೆ ಜಾರುತ್ತದೆ.

ನಮ್ಮ ಪಕ್ಕದ ಮನೆಯ ಹುಡುಗಿ ಎಸೆಸೆಲ್ಸಿ ಪರೀಕ್ಷೆ ಮುಗಿಸಿ ನನ್ನ ಹತ್ತಿರ ಕಲಿಯಲು ಬಂದಳು. ಚುರುಕು ಕೈ. ಆದರೆ ಅವಳು ಹಾಕಿದ ಹೊಲಿಗೆ ಹಿಂದಿಂದೆಯೇ ಬಿಚ್ಚುತ್ತಿತ್ತು. ನಾಲ್ಕು ಚುಚ್ಚಿದರೆ ಮೂರು ಮೇಲೆ ಬರುತ್ತಿದ್ದವು. ಬಟ್ಟೆ ತಟ್ಟಿ ನೋಡಿದೆ, ಬಿಗಿ ಇತ್ತು. ಸೂಜಿಯೂ ಪೂರ್ತಿ ಇಳಿಯುತ್ತಿತ್ತು. "ಆಂಟಿ, ಈ ಸೂಜಿನ ಸರಿ ಇಲ್ಲ ಅನಸ್ತೈತಿ" ಅಂದಳು. ಆಗ ಸೂಜಿಯ ಹಿಂದಿನ ದಾರ ಹಿಡಿದು ಅದು ಹೋದ ದಾರಿಯಲ್ಲೇ ಬೆರಳಾಡಿಸಿದೆ. ಹಿಡಿಕೆಯಿಂದ ಅವಳ ಮಣಿಕಟ್ಟಿನ ಮೇಲೆ ಹಾದು, ಸೋಫಾದ ಕೈಯನ್ನು ಒಂದು ಸುತ್ತು ಹಾಕಿ, ಅವಳು ಮಡಚಿ ಕೂತಿದ್ದ ಮೊಣಕಾಲಿನ ಕೆಳಗೆ ಹೋಗಿತ್ತು. ಉಂಡೆ ಅಲ್ಲಿ ಅಮುಕಿಕೊಂಡು ಕೂತಿತ್ತು. ಪ್ರತಿ ಸಲ ಚುಚ್ಚಿದಾಗಲೂ ಉಂಡೆ ದಾರ ಕೊಡುತ್ತಿರಲಿಲ್ಲ. ಸೂಜಿ ಹಿಂದಿನ ಕುಣಿಕೆಯ ದಾರವನ್ನೇ ಎಳೆದುಕೊಳ್ಳುತ್ತಿತ್ತು. ಉಂಡೆ ತೆಗೆದು ಅವಳ ಎದುರಿಗೆ ಬುಟ್ಟಿಯಲ್ಲಿಟ್ಟೆ, ಒಂದು ಮೊಳ ದಾರ ಮೊದಲೇ ಎಳೆದು ಮಡಿಲಲ್ಲಿ ಬಿಟ್ಟೆ. ಆಮೇಲೆ ಒಂದು ಹೊಲಿಗೆಯೂ ಬಿಚ್ಚಲಿಲ್ಲ. ಹಾಕಿದ್ದು ಮೇಲೆ ಬರುತ್ತಿದ್ದರೆ ಮೊದಲು ದಾರ ಎಲ್ಲಿ ಸಿಕ್ಕಿದೆ ನೋಡಿ. ಬಹಳಷ್ಟು ಸಲ ಕಾರಣ ಅಲ್ಲೇ ಇರುತ್ತದೆ.

ಚುಚ್ಚುವಾಗ ಪೆನ್ನು ಹಿಡಿದ ಹಾಗೆಯೇ ಸೂಜಿ ಹಿಡಿಯಿರಿ. ತುದಿ ಓರೆಯಾಗಿ ಕತ್ತರಿಸಿದಂತಿರುತ್ತದಲ್ಲ, ಆ ತೆರೆದ ಬದಿ ನೀವು ಹೋಗುವ ದಿಕ್ಕಿಗೆ ಮುಖ ಮಾಡಿರಬೇಕು. ಹಿಡಿಕೆ ಬಟ್ಟೆಗೆ ತಾಗುವವರೆಗೆ ಒತ್ತಿ. ಅರ್ಧಕ್ಕೇ ನಿಲ್ಲಿಸಿದರೆ ಕುಣಿಕೆ ಗಿಡ್ಡ ಉದ್ದ ಆಗುತ್ತದೆ. ಮೇಲೆ ತರುವಾಗ ತುದಿ ಬಟ್ಟೆ ಬಿಟ್ಟು ಏಳಬಾರದು. ಬಟ್ಟೆಯನ್ನು ಸವರಿಕೊಂಡೇ ಎರಡು ಮೂರು ಎಳೆ ಮುಂದೆ ಹೋಗಿ ಮತ್ತೆ ಚುಚ್ಚಿ. ತಿರುವು ಬಂದಾಗ ಸೂಜಿ ಕೆಳಗೆ ಇಳಿದಿರುವಾಗಲೇ ದಿಕ್ಕು ಬದಲಿಸಿ. ಕೈ ಸೊಟ್ಟ ಮಾಡುವುದಕ್ಕಿಂತ ರಿಂಗನ್ನೇ ತಿರುಗಿಸುವುದು ಸುಲಭ. ದಾರ ಮುಗಿಸುವಾಗ ಸೂಜಿ ಕೆಳಗಿದ್ದಂತೆಯೇ, ಹಿಂಬದಿಯಲ್ಲಿ ಕುಣಿಕೆಯನ್ನು ಬೆರಳಲ್ಲಿ ಒತ್ತಿ ಹಿಡಿದು ಸೂಜಿ ಹೊರತೆಗೆದು, ದಾರ ಕತ್ತರಿಸಿ. ಉಳಿದ ತುದಿಯನ್ನು ಕುಣಿಕೆಯ ಬದಿಗೆ ತಳ್ಳಿ, ಕುಣಿಕೆಯ ಎತ್ತರಕ್ಕೇ ಕತ್ತರಿಸಿದರೆ ಎಲ್ಲಿ ಮುಗಿಯಿತು ಅಂತ ಗೊತ್ತೇ ಆಗುವುದಿಲ್ಲ.

ಒಮ್ಮೆಲೇ ನವಿಲು ಬೇಡ. ನೇರ ಗೆರೆ ಹಾಕಿ, ಆಮೇಲೆ ಒಂದು ಸುರುಳಿ, ಆಮೇಲೆ ಒಂದು ಚೌಕ. ಚೌಕ ತುಂಬುವಾಗ ಮೊದಲು ಅಂಚು ಕಟ್ಟಿ, ಒಳಗೆ ಸಾಲು ಸಾಲಾಗಿ ತುಂಬುತ್ತಾ ಬನ್ನಿ. ಇಲ್ಲಿ ಕಸೂತಿಯವರ ಕಣ್ಣು ಎಳೆ ಎಣಿಸಲು ಹೋಗುತ್ತದೆ, ಪ್ರತಿ ತೂತೂ ತುಂಬಬೇಕು ಅನ್ನಿಸುತ್ತದೆ. ತುಂಬಬೇಡಿ. ಎಲ್ಲ ತೂತಿಗೂ ಚುಚ್ಚಿದರೆ ರಿಂಗಿನಿಂದ ಬಿಡಿಸಿದ ಕೂಡಲೇ ಬಟ್ಟೆ ಮುದುಡುತ್ತದೆ. ತಿರುಗಿಸಿ ನೋಡಿ, ಕುಣಿಕೆಗಳ ನಡುವೆ ಬಟ್ಟೆ ಕಾಣದಿದ್ದರೆ ಅಷ್ಟೇ ಸಾಕು. ಮನಸ್ಸಿಗೆ ಬರಲಿಲ್ಲ ಅಂದರೆ ಜಗ್ಗಿ ಬಿಚ್ಚಿ, ಸೂಜಿಯ ತುದಿಯಿಂದ ಬಟ್ಟೆಯನ್ನು ಅಡ್ಡಕ್ಕೂ ಉದ್ದಕ್ಕೂ ಮೆಲ್ಲಗೆ ಕೆರೆಯಿರಿ. ತೂತು ಕೂಡಿಕೊಳ್ಳುತ್ತದೆ, ಅಲ್ಲೇ ಮತ್ತೆ ಚುಚ್ಚಬಹುದು. ಕಲಿಯುವವರಿಗೆ ಇಷ್ಟು ಒಗ್ಗುವ ಕಸೂತಿ ಕೆಲಸ ನಾನು ಬೇರೆ ಕಂಡಿಲ್ಲ.

ಚಿತ್ರ ಬರೆಯುವ ಮುಂಚೆ ಯಾವ ಬದಿ ಮುಂದೆ ಬರಬೇಕು ಅಂತ ತೀರ್ಮಾನಿಸಿ. ಸಪಾಟ ಬದಿಯಾದರೆ ಇದ್ದ ಹಾಗೇ ಬರೆಯಿರಿ. ಕುಣಿಕೆಯ ಬದಿಯಾದರೆ ಎಡ ಬಲ ಆಗುತ್ತದೆ. ತೇರು, ಗೋಪುರ, ತುಳಸಿಕಟ್ಟೆಗೆ ಎರಡು ಕಡೆಯೂ ಒಂದೇ, ಚಿಂತೆ ಇಲ್ಲ. ಆನೆ ಆ ಕಡೆ ಮುಖ ಮಾಡುತ್ತದೆ, ಹೆಸರು ಬರೆದರೆ ಓದಲು ಬರುವುದಿಲ್ಲ. ಅಕ್ಷರ ಇದ್ದರೆ ಕಾಗದವನ್ನು ಮಗುಚಿ ಕಿಟಕಿಯ ಗಾಜಿಗೆ ಅಂಟಿಸಿ, ಮೇಲೆ ಬಟ್ಟೆ ಇಟ್ಟು ಹಗಲು ಬೆಳಕಲ್ಲಿ ಪೆನ್ಸಿಲ್ಲಿನಿಂದ ತಿದ್ದಿಕೊಳ್ಳಿ. ನಮ್ಮ ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಈ ಕೆಲಸ ಮಧ್ಯಾಹ್ನದೊಳಗೇ ಮುಗಿಸುವುದು ಒಳ್ಳೆಯದು, ಮುಂದೆ ಬೆಳಕು ಸಾಲುವುದಿಲ್ಲ.

ಮೊದಲ ವಸ್ತು ಅಂತ ಚಹಾ ಕಪ್ಪಿನ ಕೆಳಗಿಡುವ ಮ್ಯಾಟು ಮಾಡಿ. ನಾಲ್ಕು ಇಂಚಿನ ಚೌಕ. ಮುಗಿದ ಮೇಲೆ ರಿಂಗಿನಲ್ಲಿರುವಾಗಲೇ ಸಪಾಟ ಬದಿಗೆ ಬಟ್ಟೆ ಅಂಟಿಸುವ ಗೋಂದನ್ನು ತೆಳ್ಳಗೆ ಸವರಿ ರಾತ್ರಿಯಿಡೀ ಒಣಗಿಸಿ. ದಿನಾ ಕೈಯಾಡುವ ವಸ್ತು, ಮಕ್ಕಳ ಬೆರಳಿಗೆ ಸಿಕ್ಕರೂ ಬಿಚ್ಚುವುದಿಲ್ಲ. ಸುತ್ತಲೂ ಒಂದು ಇಂಚು ಬಿಟ್ಟು ಕತ್ತರಿಸಿ, ಹಿಂದಕ್ಕೆ ಮಡಚಿ, ಮೇಲೆ ಒಂದು ತುಂಡು ಬಟ್ಟೆ ಇಟ್ಟು ಹೊಲಿಯಿರಿ. ಹಳೆಯ ಖಣದ ತುಂಡಿದ್ದರೆ ಬಹಳ ಚಂದ. ದಿಂಬಿನ ಕವರಿಗೆ ಗೋಂದು ಬೇಡ, ಬಿರುಸಾಗುತ್ತದೆ. ಒಳಗೆ ಅಸ್ತರು ಕೊಟ್ಟರೆ ಸಾಕು. ಒಗೆಯುವಾಗ ತಣ್ಣೀರಲ್ಲಿ ಕೈಯಿಂದ ಅದ್ದಿ ತೆಗೆಯಿರಿ, ಹಿಂಡಬೇಡಿ. ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ.