ಕಾರ್ಡು ನನ್ನದು, ಹೆಜ್ಜೆ ಎಲ್ಲರದ್ದು

2025ರ ಡಿಸೆಂಬರ್ 19, ಶುಕ್ರವಾರ. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಬೆಳಗ್ಗೆ ಎಂಟಾದರೂ ಕತ್ತಲೆ. ಕಾಫಿಗೆ ಹಾಲಿಟ್ಟು ಮೊಬೈಲ್ ತೆಗೆದರೆ ಎರಡು ಸುದ್ದಿ. ಬ್ರಸೆಲ್ಸ್‌ನಲ್ಲಿ ನಡುರಾತ್ರಿ ದಾಟುವವರೆಗೂ ಕೂತಿದ್ದ ಯುರೋಪಿಯನ್ ಯೂನಿಯನ್ ನಾಯಕರು ಉಕ್ರೇನ್‌ಗೆ 9,000 ಕೋಟಿ ಯೂರೋ ಸಾಲ ಕೊಡಲು ಒಪ್ಪಿದ್ದರು. ಆ ದುಡ್ಡಿಗೆ ಒಕ್ಕೂಟದ ಹೆಸರಲ್ಲೇ ಮಾರುಕಟ್ಟೆಯಲ್ಲಿ ಸಾಲ ಎತ್ತುತ್ತಾರಂತೆ. ಎರಡನೇದು, ನನ್ನ ಕಾರ್ಡಿನಿಂದ 96 ಯೂರೋ ಹೋಗಿತ್ತು.

96 ಯೂರೋ ಒಂದು ಫಿಟ್ನೆಸ್ ಆ್ಯಪ್‌ಗೆ. ಹಿಂದಿನ ವರ್ಷ ನಾವು ನಾಲ್ಕು ಜನ ಗೆಳೆಯರು ಸೇರಿ ಫ್ಯಾಮಿಲಿ ಪ್ಲಾನ್ ತಗೊಂಡಿದ್ವಿ, ತಲೆಗೆ 24 ಯೂರೋ, ದಿನಾ ಹತ್ತು ಸಾವಿರ ಹೆಜ್ಜೆ ಅಂತ ಶಪಥ, ಕಾರ್ಡು ಮಾತ್ರ ನನ್ನದು ಯಾಕಂದ್ರೆ ಅವತ್ತು ಪರ್ಸು ಹೊರಗೆ ತೆಗೆದವನು ನಾನೊಬ್ಬನೇ. ಆಮೇಲೆ ಒಬ್ಬ ಮೈಸೂರಿಗೆ ವಾಪಸ್ ಹೋದ. ಇನ್ನೊಬ್ಬ ಜಿಮ್ ಸೇರಿದ. ಹುಬ್ಬಳ್ಳಿಯವನು ಇಲ್ಲೇ ಇದ್ದಾನೆ. ನವೆಂಬರ್‌ನಲ್ಲೇ ನಾನು ಕ್ಯಾನ್ಸಲ್ ಮಾಡಿದ್ದೆ, ಮಾಡಿದ್ದಕ್ಕೆ ಮೇಲ್ ಕೂಡ ಬಂದಿತ್ತು.

ಸಪೋರ್ಟ್ ಚಾಟ್ ತೆರೆದೆ. ನಗುಮುಖದ ಬಾಟ್ ಬಂತು. ದುಡ್ಡು ಹೋಗಿದೆ ಅಂದ್ರೆ ಫೋನ್ ರೀಸ್ಟಾರ್ಟ್ ಮಾಡಿ ನೋಡಿ ಅಂತು. ಮಾಡಿದೆ, ಇರಲಿ ಅಂತ! ಮತ್ತೆ ಬರೆದರೆ ಇವತ್ತು ನೀರು ಎಷ್ಟು ಕುಡಿದಿರಿ ಅಂತ ಕೇಳ್ತು. ಮುಕ್ಕಾಲು ಗಂಟೆ ಆದಮೇಲೆ ಒಬ್ಬ ಮನುಷ್ಯ ಸಿಕ್ಕ. ನಾನು ನಿಲ್ಲಿಸಿದ್ದು ನನ್ನ ಪ್ರೊಫೈಲ್ ಮಾತ್ರವಂತೆ, ಪ್ಲಾನ್ ಅಲ್ಲವಂತೆ. ಪ್ಲಾನ್ ನಿಲ್ಲಿಸಬೇಕಾದರೆ ಮೊದಲು ಉಳಿದ ಮೂವರನ್ನು ತೆಗೆಯಬೇಕು. ತೆಗೆಯುವ ಬಟನ್ ಹೊಸ ಅಪ್‌ಡೇಟ್‌ನಲ್ಲಿ ಕಾಣಿಸ್ತಿಲ್ಲ ಅಂದರೆ, ಅದು ಇನ್ನೊಂದು ಟೀಮಿನ ಕೆಲಸ, ಬೇರೆ ಟಿಕೆಟ್ ಹಾಕಿ ಅಂದ. ಈ ಗಲಾಟೆಯಲ್ಲಿ ಹಾಲು ಉಕ್ಕಿ ಒಲೆ ಎಲ್ಲ ಆಗಿತ್ತು.

ಮಧ್ಯಾಹ್ನ ಆಫೀಸಿನಲ್ಲಿ ಡಚ್ ಸಹೋದ್ಯೋಗಿಯ ಹತ್ತಿರ ಗೋಳು ಹೇಳಿಕೊಂಡೆ. ಅವನು ಬ್ರೆಡ್ಡು ಚೀಸು ತಿನ್ನುತ್ತಾ, ನಿನ್ನದು ಬೆಲ್ಜಿಯಂ ಕಥೆ ಅಂದ. ನಂಗೆ ಮೊದಲು ಅರ್ಥ ಆಗಲಿಲ್ಲ. ರಷ್ಯಾದ ಸುಮಾರು 21,000 ಕೋಟಿ ಯೂರೋ ಆಸ್ತಿಯನ್ನು ಯುರೋಪಿಯನ್ ಯೂನಿಯನ್ ತಡೆಹಿಡಿದಿದೆಯಲ್ಲ, ಅದರಲ್ಲಿ ದೊಡ್ಡ ಪಾಲು ಇರುವುದು ಷೇರು, ಬಾಂಡು ಜೋಪಾನವಾಗಿ ಇಟ್ಟುಕೊಳ್ಳುವ ಬೆಲ್ಜಿಯಂನ ಯೂರೋಕ್ಲಿಯರ್ ಅನ್ನೋ ಸಂಸ್ಥೆಯಲ್ಲಿ. ಆ ದುಡ್ಡಿನ ಆಧಾರದ ಮೇಲೆ ಉಕ್ರೇನ್‌ಗೆ ಸಾಲ ಕೊಡೋಣ ಅಂತ ಮೊದಲ ಯೋಚನೆ. ಬೆಲ್ಜಿಯಂ ಪ್ರಧಾನಿ ಬಾರ್ಟ್ ಡೆ ವೇವರ್ ಒಪ್ಪಲಿಲ್ಲ. ನಾಳೆ ರಷ್ಯಾ ಕೋರ್ಟಿಗೆ ಹೋದರೆ ಸಿಕ್ಕಿಹಾಕಿಕೊಳ್ಳುವವರು ನಾವು, ನೀವೆಲ್ಲ ಜಾಮೀನು ನಿಲ್ತೀರಾ ಅನ್ನೋದು ಅವರ ಪಟ್ಟು. ಮಿತಿಯಿಲ್ಲದ ಜಾಮೀನು ಕೊಡೋಕೆ ಯಾರಿಗೂ ಮನಸ್ಸಿಲ್ಲ. ಕೊನೆಗೆ ಆ ಯೋಚನೆ ಪಕ್ಕಕ್ಕಿಟ್ಟು ಎಲ್ಲರೂ ಸೇರಿ ಸಾಲ ಎತ್ತೋದು ಅಂತಾಯ್ತು. ಎಲ್ಲರೂ ಅಂದರೆ ಎಲ್ಲರೂ ಅಲ್ಲ. ಹಂಗೇರಿ, ಸ್ಲೊವಾಕಿಯಾ, ಜೆಕ್ ಮೂರೂ ಈ ಸಾಲದ ಭಾರ ನಮ್ಮ ಮೇಲೆ ಬೇಡ ಅಂದವು.

ನಿಮ್ಮ ದೇಶ ಕಡಿಮೆನಾ ಅಂತ ನಾನೂ ಕಾಲೆಳೆದೆ. 2020ರ ಜುಲೈ ನೆನಪಿದೆ ನಂಗೆ. ಕೊರೋನಾ ಹೊಡೆತಕ್ಕೆ 75,000 ಕೋಟಿ ಯೂರೋ ಜಂಟಿ ಸಾಲ ಮಾಡೋಣ ಅಂದಾಗ ನೆದರ್ಲೆಂಡ್ಸ್, ಆಸ್ಟ್ರಿಯಾ, ಡೆನ್ಮಾರ್ಕ್, ಸ್ವೀಡನ್ ಅಡ್ಡ ನಿಂತಿದ್ದವು. ನಾಲ್ಕು ಹಗಲು ನಾಲ್ಕು ರಾತ್ರಿ ಜಗ್ಗಾಟ. ವಾಪಸ್ ಕೊಡಬೇಕಿಲ್ಲದ ನೆರವು 50,000 ಕೋಟಿ ಅಂತ ಇದ್ದದ್ದನ್ನು 39,000 ಕೋಟಿಗೆ ಇಳಿಸಿದರು. ಜೊತೆಗೆ ಆಗಿನ ಡಚ್ ಪ್ರಧಾನಿ ಮಾರ್ಕ್ ರುಟ್ಟೆ ತಮ್ಮ ದೇಶ ಒಕ್ಕೂಟಕ್ಕೆ ಕಟ್ಟುವ ವಂತಿಗೆಯಲ್ಲಿ ವರ್ಷಕ್ಕೆ ಸುಮಾರು 190 ಕೋಟಿ ಯೂರೋ ರಿಯಾಯಿತಿ ಹೊಡೆದುಕೊಂಡೇ ಎದ್ದರು. ಆ ಸಾಲ ತೀರೋದು 2058ಕ್ಕೆ. ಅಷ್ಟೊತ್ತಿಗೆ ನಾನು ಎಷ್ಟು ಹೆಜ್ಜೆ ನಡೀತಿರ್ತೀನೋ!

ಅವನು ನಕ್ಕು, ಅದಕ್ಕೇ ಹೇಳೋದು, ಇವತ್ತೇ ಟಿಕ್ಕಿ ಕಳಿಸು ಅಂದ. ಟಿಕ್ಕಿ ಅಂದರೆ ದುಡ್ಡು ಕೇಳೋ ಆ್ಯಪ್, ಇಲ್ಲಿಯವರು ಒಂದು ಕಾಫಿಗೂ ಅದರ ಲಿಂಕ್ ಕಳಿಸಿ ದುಡ್ಡು ವಸೂಲಿ ಮಾಡ್ತಾರೆ. ನಮಗೆ ಗೆಳೆಯರ ಹತ್ತಿರ ಕೇಳೋಕೇ ನಾಚಿಕೆ, ಆಮೇಲೆ ಒಳಗೊಳಗೇ ಬೈಕೋತೀವಿ. ಯಾವುದು ಮರ್ಯಾದೆ ಅಂತ ನಂಗೀಗ ಅನುಮಾನ.

ಸಂಜೆ ಅಮ್ಮನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಅಮ್ಮ ತಿಪಟೂರು ಕಡೆ ಹಳ್ಳಿಯಲ್ಲಿ ಹದಿನೈದು ವರ್ಷದಿಂದ ಸ್ತ್ರೀಶಕ್ತಿ ಸಂಘದಲ್ಲಿದ್ದಾಳೆ. 'ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ, ಕಾರ್ಡ್ ಯಾಕೆ ಕೊಟ್ಯೋ' ಅಂತ ಮೊದಲು ನನಗೇ ಬೈದಳು. ಆಮೇಲೆ, ಒಂದ್ಸಲ ಸಂಘದಲ್ಲಿ ಒಬ್ಬಳು ಸಾಲ ತಗೊಂಡು ಊರೇ ಬಿಟ್ಟಾಗ ಉಳಿದವರು ಹೆಂಗೆ ಕಟ್ಟಿದರು ಅಂತ ಹೇಳಿದಳು. 'ನಮ್ಮಲ್ಲಿ ಬ್ಯಾಂಕಿನೋರು ಬಾಗಿಲಿಗೆ ಬರಲ್ಲ ಕಣೋ, ಪಕ್ಕದ ಮನೆಯೋಳೇ ಬರ್ತಾಳೆ.' ಯುರೋಪಿನವರದ್ದು ಇಷ್ಟು ಬಿಗಿ ಇಲ್ಲ. ಕೊರೋನಾ ಸಾಲದಲ್ಲೂ ಪ್ರತಿ ದೇಶದ ಹೊಣೆಗೆ ಮಿತಿ ಇದೆ, ಒಕ್ಕೂಟದ ಬಜೆಟ್ಟಿಗೆ ಅದು ಕಟ್ಟುವ ಪಾಲಿನ ಲೆಕ್ಕದಲ್ಲಿ. ಅದನ್ನು ಹೇಳಿದರೆ, 'ಹಂಗಾದ್ರೆ ಅದೆಂಥ ಸಂಘ' ಅಂದಳು ಅಮ್ಮ.

ರಾತ್ರಿ ಧೈರ್ಯ ಮಾಡಿ ಮೂವರಿಗೂ 24 ಯೂರೋ ಕೇಳಿ ಮೆಸೇಜ್ ಹಾಕಿದೆ. ಮೈಸೂರಿನವನು ಹೆಬ್ಬೆರಳು ತೋರಿಸಿದ, ದುಡ್ಡು ಬಂದಿಲ್ಲ. ಜಿಮ್ಮಿನವನು ತಕ್ಷಣ ಕಳಿಸಿದ, ಪಾಪ. ಹುಬ್ಬಳ್ಳಿಯವನದು ಮಾತ್ರ ಉದ್ದ ಉತ್ತರ, ನಾನು ಆ ಆ್ಯಪ್ ತೆಗದಽ ಇಲ್ಲ, ನಾ ಯಾಕ ರೊಕ್ಕಾ ಕೊಡ್ಲಿ ಅಂತ. ಸರಿ ಅಂತ ಮಲಗಿದೆ.

ಬೆಳಗ್ಗೆ ಎದ್ದಾಗ ಎರಡು ಮೆಸೇಜ್. ನಿಮ್ಮ ಸಮಸ್ಯೆ ಬಗೆಹರಿದಿದೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡ್ತೀರಿ ಅಂತ ಸಪೋರ್ಟಿನವರದು. ಇನ್ನೊಂದು ಹುಬ್ಬಳ್ಳಿಯವನದು: 'ಲೇ, ನಿನ್ನೆಯಿಂದ ನನ್ನ ಸ್ಟೆಪ್ಸ್ ಯಾಕ ತೋರ್ಸವಲ್ತು?'