ಇಪ್ಪತ್ತು ಸಾವಿರ ಕಂತು ದಾಟಿದ ‘ದಿ ಆರ್ಚರ್ಸ್’ ಈಗ ಎಲ್ಲಿಂದ ಕೇಳುವುದು?

ಬ್ರಿಟನ್ನಿಗೆ ಹೊಸದಾಗಿ ಹೋದ ಕನ್ನಡಿಗರೂ ಇಲ್ಲೇ ಕೂತು ಬಿಬಿಸಿ ಕೇಳುವವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ರೇಡಿಯೋ 4ರಲ್ಲಿ ಬರುವ ಆ ಹಳ್ಳಿ ಧಾರಾವಾಹಿ 1951ರಿಂದ ನಡೀತಿದೆಯಂತೆ. ಈಗ ಶುರು ಮಾಡಿದರೆ ತಲೆಬುಡ ತಿಳಿಯುತ್ತಾ? ಎಲ್ಲಿಂದ ಕೇಳಬೇಕು?”

ಇವತ್ತಿನ ಕಂತಿನಿಂದ. ಹಳೆಯದನ್ನು ಹುಡುಕಿಕೊಂಡು ಹೋಗಬೇಡಿ. ಒಂದು ಊರಿಗೆ ಸೊಸೆಯಾಗಿ ಬಂದವಳು ಆ ಊರಿನ ಚರಿತ್ರೆ ಓದಿಕೊಂಡು ಬರುವುದಿಲ್ಲ. ಯಾರು ಯಾರ ಮನೆಯವರು, ಯಾರಿಗೆ ಯಾರ ಮೇಲೆ ಮುನಿಸು, ಯಾವ ಹೊಲ ಮೊದಲು ಯಾರದಿತ್ತು ಎಂಬುದೆಲ್ಲ ಆರು ತಿಂಗಳಲ್ಲಿ ತಾನಾಗಿ ಕಿವಿಗೆ ಬೀಳುತ್ತದೆ. ಆಂಬ್ರಿಡ್ಜ್ ಎಂಬ ಈ ಕಲ್ಪಿತ ಹಳ್ಳಿಯೂ ಹಾಗೆಯೇ. ಇಂಗ್ಲೆಂಡಿನ ನಡುನಾಡಿನ ಬೋರ್ಸೆಟ್‌ಶೈರ್ ಎಂಬ ಕಲ್ಪಿತ ಕೌಂಟಿಯಲ್ಲಿ ಅದಿದೆ.

ಹೀಗೆ ನಡುವೆ ಸೇರಿಕೊಳ್ಳಲು ಆಗುವುದು ಅಲ್ಲಿನ ಕಾಲ ನಮ್ಮ ಕಾಲದ ಜೊತೆಗೇ ನಡೆಯುವುದರಿಂದ. ಡಿಸೆಂಬರಿನಲ್ಲಿ ಅಲ್ಲೂ ಕ್ರಿಸ್‌ಮಸ್, ವಸಂತದಲ್ಲಿ ಬ್ರೂಕ್‌ಫೀಲ್ಡ್ ಫಾರ್ಮಿನಲ್ಲಿ ಕುರಿ ಈಯುವ ಕಾಲ, ಆಗಸ್ಟಿನಲ್ಲಿ ಕೊಯ್ಲು. ಮನುಷ್ಯರಿಗೂ ವಯಸ್ಸಾಗುತ್ತದೆ. ಜಿಲ್ ಆರ್ಚರ್ ಪಾತ್ರಕ್ಕೆ ಪೆಟ್ರೀಷಿಯಾ ಗ್ರೀನ್ ದನಿ ಕೊಡಲು ಶುರು ಮಾಡಿದ್ದು 1957ರಲ್ಲಿ. 1950ರ ಪ್ರಾಯೋಗಿಕ ಕಂತುಗಳಲ್ಲೇ ಪೆಗ್ಗಿಯಾಗಿದ್ದ ಜೂನ್ ಸ್ಪೆನ್ಸರ್, ನಡುವೆ ಕೆಲವು ವರ್ಷ ಬಿಟ್ಟು, 2022ರವರೆಗೆ ಅದೇ ಪಾತ್ರದಲ್ಲಿದ್ದರು. ನಿವೃತ್ತಿಯಾದಾಗ ಅವರಿಗೆ 103 ವರ್ಷ.

ಈಗ ಕೇಳುವ ಕ್ರಮ. ಭಾನುವಾರದಿಂದ ಶುಕ್ರವಾರದವರೆಗೆ ಬ್ರಿಟನ್ನಿನ ಸಂಜೆ 7ಕ್ಕೆ, ಸುಮಾರು 13 ನಿಮಿಷ. ವಾರದ ಕಂತುಗಳೆಲ್ಲ ಭಾನುವಾರ ಬೆಳಗ್ಗೆ ಒಟ್ಟಿಗೆ ಮತ್ತೆ ಬರುತ್ತವೆ. ಹೊಸಬರು ಮೊದಲ ಮೂರು ವಾರ ಈ ಭಾನುವಾರದ ಗೊಂಚಲನ್ನೇ ಕೇಳುವುದು ಒಳ್ಳೆಯದು. ಒಂದೇ ಕೂರಿಕೆಯಲ್ಲಿ ಅದೇ ದನಿ ನಾಲ್ಕೈದು ಸಲ ಬಂದಾಗ ಹೆಸರು ಅಂಟಿಕೊಳ್ಳುತ್ತದೆ. ಬಿಡಿ ಕಂತಿನಲ್ಲಿ ಸೋಮವಾರ ಕೇಳಿದ ದನಿ ಗುರುವಾರದವರೆಗೆ ಬರದೇ ಇರಬಹುದು, ಅಷ್ಟರಲ್ಲಿ ಮರೆತುಹೋಗಿರುತ್ತದೆ. ಆಮೇಲೆ ದಿನದ ಕಂತಿಗೆ ಬನ್ನಿ. ಒಂದು ಎಚ್ಚರ: ಹೊಸ ವಾರದ ಮೊದಲ ಕಂತು ಅದೇ ಭಾನುವಾರ ಸಂಜೆ ಬಂದುಬಿಡುತ್ತದೆ. ಬೆಳಗ್ಗೆಯದ್ದನ್ನು ಉಳಿಸಿಕೊಂಡು ಸಂಜೆಯದ್ದನ್ನು ಮೊದಲು ಕೇಳಿದರೆ ವಾರದ ಗುಟ್ಟೆಲ್ಲ ಹಾಳು.

ಹೆಚ್ಚಿನವರು ಸೋತು ಬಿಡುವುದು ಹೆಸರುಗಳ ಗೊಂದಲದಲ್ಲಿ. ಅರ್ಧ ಊರು ಆರ್ಚರ್‌ಗಳೇ. ಆದ್ದರಿಂದ ಜನರನ್ನು ಬಿಟ್ಟು ಮನೆಗಳನ್ನು ಹಿಡಿಯಿರಿ. ಬ್ರೂಕ್‌ಫೀಲ್ಡ್ ಎಂದರೆ ಡೇವಿಡ್, ರೂತ್, ಹಿರಿಯಜ್ಜಿ ಜಿಲ್, ಹಸು, ಕುರಿ. ಬ್ರಿಜ್ ಫಾರ್ಮ್ ಎಂದರೆ ಪ್ಯಾಟ್, ಟೋನಿ, ಮಗಳು ಹೆಲೆನ್, ಮಗ ಟಾಮ್. 1984ರಿಂದ ಸಾವಯವ ಕೃಷಿ, ಜೊತೆಗೆ ಚೀಸ್. ಹೋಮ್ ಫಾರ್ಮ್ ಎಂದರೆ ಆಲ್ಡ್ರಿಡ್ಜ್ ಮನೆತನ, ದೊಡ್ಡ ಜಮೀನು, ದೊಡ್ಡ ದನಿ. ಗ್ರಂಡಿಗಳು ಕೈಯಲ್ಲಿ ಕಾಸಿಲ್ಲದ ಮನೆ, ಯಾವತ್ತೂ ಒಂದಲ್ಲ ಒಂದು ಹಿಕಮತ್ತು. ಅವರ ಹಳ್ಳಿ ಉಚ್ಚಾರಣೆ ಎರಡು ಮಾತಿನಲ್ಲೇ ಗುರುತು ಸಿಗುತ್ತದೆ. ಊರಿನ ಅಂಗಡಿಯಲ್ಲಿ ಸೂಸನ್ ಕಾರ್ಟರ್. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಈ ಐದು ತಾಣ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸಾಕು. ಹೊಸ ಹೆಸರು ಬಂದಾಗ ಅದರ ಮನೆಯ ಕೆಳಗೆ ಸೇರಿಸುತ್ತ ಹೋಗಿ.

ಎರಡನೆಯ ಆಧಾರ ಹಿನ್ನೆಲೆಯ ಸದ್ದು. ರೇಡಿಯೋದಲ್ಲಿ ಜಾಗ ತೋರಿಸಲು ಅದೊಂದೇ ದಾರಿ, ಇಲ್ಲಿ ಅದನ್ನು ಬಹಳ ಶ್ರದ್ಧೆಯಿಂದ ಮಾಡುತ್ತಾರೆ. ‘ದಿ ಬುಲ್’ ಎಂಬ ಪಬ್ಬಿನಲ್ಲಿ ಗ್ಲಾಸು, ಗುಜುಗುಜು. ಬರ್ಮಿಂಗ್‌ಹ್ಯಾಮ್ ಸ್ಟುಡಿಯೋದಲ್ಲಿ ಹೊಲದ ದೃಶ್ಯಗಳಿಗೆ ಪ್ರತಿಧ್ವನಿಯೇ ಹುಟ್ಟದ ಕೋಣೆಯಿದೆ. ಬಯಲಿನಲ್ಲಿ ಮಾತು ಗೋಡೆಗೆ ಬಡಿದು ವಾಪಸು ಬರುವುದಿಲ್ಲವಲ್ಲ. ಫಾರ್ಮಿನ ಕಬ್ಬಿಣದ ಗೇಟು ಕಿರುಗುಟ್ಟಿ ಮುಚ್ಚುವ ಸದ್ದು ಬರುವುದು ಇಸ್ತ್ರಿ ಮಾಡುವ ಹಳೆಯ ಮಡಿಚು ಹಲಗೆಯಿಂದ. ಕುರಿಮರಿ ಹುಟ್ಟಿ ಹುಲ್ಲಿನ ಮೇಲೆ ಬೀಳುವ ಸದ್ದಿಗೆ ಒದ್ದೆ ಟವೆಲ್ಲು, ಮೊಸರು. ಕಣ್ಣು ಮುಚ್ಚಿ ಕೇಳಿ: ಮೊದಲು ಲೊಳಲೊಳ, ಆಮೇಲೆ ‘ದಪ್’, ಒಂದು ಕ್ಷಣ ಮೌನ, ಮರಿಯ ಮೊದಲ ಬ್ಯಾ. ಕೊಟ್ಟಿಗೆಯಲ್ಲಿ ರಾತ್ರಿ ಕಾದು ಗೊತ್ತಿರುವವರಿಗೆ ಆ ಮೌನ ಏನೆಂದು ಹೇಳಬೇಕಿಲ್ಲ.

ಕಥೆಯ ವಿಷಯಕ್ಕೆ ಬಂದರೆ, ಇಲ್ಲಿ ಸಣ್ಣ ಮಾತನ್ನು ಹಗುರ ಮಾಡಬಾರದು. ಹಳೆಯ ಸಂಗತಿ ದಶಕಗಳ ನಂತರ ಎದ್ದು ಬರುತ್ತದೆ. 1970ರ ದಶಕದಲ್ಲಿ ತನ್ನ ಜಮೀನಿನಲ್ಲಿ ವಿಷದ ಪೀಪಾಯಿಗಳನ್ನು ಹೂಳಲು ಬ್ರಿಯನ್ ಆಲ್ಡ್ರಿಡ್ಜ್ ಬಿಟ್ಟಿದ್ದ. 2018ರ ಹೊತ್ತಿಗೆ ಆ ವಿಷ ಆಮ್ ನದಿಗೆ ಇಳಿದದ್ದು ಬಯಲಾಗಿ, ಕಡೆಗೆ ಮನೆಯನ್ನೇ ಮಾರಬೇಕಾಯಿತು. ಹಾಗೆಯೇ ಹೆಲೆನ್ ಮತ್ತು ರಾಬ್ ಟಿಚನರ್. ಬಹುಪಾಲು ಮಾತಿನಲ್ಲೇ, ಉಡುಪು ಸ್ನೇಹಿತೆ ದುಡ್ಡು ಒಂದೊಂದನ್ನೇ ಕಿತ್ತುಕೊಂಡು ಹೆಂಡತಿಯನ್ನು ಹಿಡಿತಕ್ಕೆ ತರುವ ಗಂಡನ ಕಥೆಯನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ನಿಧಾನವಾಗಿ ಹೆಣೆದರು. 2016ರ ಏಪ್ರಿಲ್‌ನಲ್ಲಿ ಅವಳು ಚಾಕು ಎತ್ತಿದಳು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2015ರ ಡಿಸೆಂಬರ್ ಕೊನೆಗೆ, ಇಂಥ ಹಿಡಿತವನ್ನು ಅಪರಾಧವೆನ್ನುವ ಕಾನೂನು ಅಲ್ಲಿ ಜಾರಿಗೆ ಬಂದಿತ್ತು. ಕೇಳುಗರು ನಿಜವಾದ ಸಂತ್ರಸ್ತೆಯರಿಗಾಗಿ ಒಂದು ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿಸಿದರು. ನನ್ನ ಲೆಕ್ಕದಲ್ಲಿ ರೇಡಿಯೋ ನಾಟಕ ಮಾಡಬಲ್ಲ ಅತಿ ದೊಡ್ಡ ಕೆಲಸ ಇದೇ. ದಿನಕ್ಕೆ ಹದಿಮೂರು ನಿಮಿಷದಂತೆ ಕೇಳಿದವರಿಗೇ ಆ ಉಸಿರುಗಟ್ಟು ಪೂರ್ತಿ ತಟ್ಟಿದ್ದು. ಸಾರಾಂಶ ಓದಿದವರಿಗೆ ಅದು ಸಿಗುವುದಿಲ್ಲ.

2024ರ ಅಪಘಾತದ ಕಥೆ ಇನ್ನೊಂದು ಬಗೆ. ಕಾರು ಓಡಿಸಿ ಗುದ್ದಿದವನು ಜಾರ್ಜ್ ಗ್ರಂಡಿ. ಕುಡಿದು ಎಚ್ಚರವಿಲ್ಲದ, ಬ್ರಿಯನ್‌ನ ಮಗಳು ಆಲಿಸ್‌ಳನ್ನು ಚಾಲಕರ ಸೀಟಿಗೆ ಎಳೆದು ಕೂರಿಸಿದ. ಇದು ಕೇಳುಗರಿಗೆ ಗೊತ್ತಿತ್ತು, ಊರಿಗೆ ಆಗ ಗೊತ್ತಿರಲಿಲ್ಲ. ಹೀಗಾದಾಗ ನಾಲ್ಕಾರು ಕಂತು ತಪ್ಪಿಸಿಕೊಂಡವರಿಗೆ ಆಮೇಲಿನ ತಿಂಗಳುಗಳ ಮಾತುಕತೆಯೇ ಅರ್ಥವಾಗುವುದಿಲ್ಲ. ಉಳಿದಂತೆ ಎರಡು ದಿನ ತಪ್ಪಿದರೂ ನಷ್ಟವಿಲ್ಲ. ದೊಡ್ಡ ಘಟನೆಯ ಮಾರನೆಯ ದಿನ ಯಾರಾದರೂ ಅಂಗಡಿಯಲ್ಲಿ ಅದನ್ನು ಮತ್ತೆ ಹೇಳುತ್ತಾರೆ.

ಬೇಸಾಯದ ಭಾಗ ಬಂದಾಗ ಹಾರಿಸಬೇಡಿ. ಯುದ್ಧಾನಂತರದ ಪಡಿತರದ ಕಾಲದಲ್ಲಿ ಗಾಡ್‌ಫ್ರೇ ಬೇಸ್ಲಿ ಇದನ್ನು ಕಟ್ಟಿದ್ದೇ ರೈತರಿಗೆ ಹೊಸ ಪದ್ಧತಿ ಮುಟ್ಟಿಸಲು. ನಮ್ಮ ಆಕಾಶವಾಣಿಯ ಕೃಷಿರಂಗ ಕೇಳಿದವರಿಗೆ ಆ ಉದ್ದೇಶ ಪರಿಚಿತ. ಇಲ್ಲಿ ಅದು ಸಲಹೆಯಾಗಿ ಅಲ್ಲ, ಜಗಳವಾಗಿ ಬರುತ್ತದೆ: ಹೈನು ಇಟ್ಟುಕೊಳ್ಳುವುದೋ ಬಿಡುವುದೋ, ಜಮೀನು ಯಾವ ಮಗುವಿಗೆ. ಇವತ್ತಿಗೂ ಬರಹಗಾರರ ತಂಡದ ಜೊತೆ ಕೃಷಿ ವಿಷಯಕ್ಕೆಂದೇ ಒಬ್ಬ ಸಂಪಾದಕರಿರುತ್ತಾರೆ.

ಊರಿನ ವಕೀಲೆ ಉಷಾ ಗುಪ್ತಾ ಭಾರತೀಯ ಮೂಲದ ಹಿಂದೂ. 2008ರಲ್ಲಿ ಊರಿನ ಪಾದ್ರಿ ಅಲನ್‌ನನ್ನು ಮದುವೆಯಾದಳು. ಅವಳ ದೃಶ್ಯ ಬಂದರೆ ನಮ್ಮವರ ಕಿವಿ ನೆಟ್ಟಗಾಗುತ್ತದೆ, ಸಹಜ. ಇನ್ನು ಕೆಲವರು ವರ್ಷಗಟ್ಟಲೆ ಬಾಯೇ ಬಿಡುವುದಿಲ್ಲ, ಬೇರೆಯವರ ಮಾತಿನಲ್ಲಷ್ಟೇ ಬದುಕಿರುತ್ತಾರೆ. ನೀವೇನೋ ತಪ್ಪಿಸಿಕೊಂಡಿರಿ ಎಂದು ಗಾಬರಿಯಾಗಬೇಡಿ.

ಕರ್ನಾಟಕದಲ್ಲಿ ಕೂತು ನೇರ ಪ್ರಸಾರ ಕೇಳುವುದಾದರೆ ಚಳಿಗಾಲದಲ್ಲಿ ಅದು ನಡುರಾತ್ರಿ 12:30. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗುತ್ತದೆ. ಅಲ್ಲಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಮ್ಮಲ್ಲಿ ರಾತ್ರಿ 11:30. ಶುರು ಮಾಡಲು ಆ ಮಾರ್ಚ್ ಕೊನೆಯೇ ಒಳ್ಳೆಯದು. ಬ್ರೂಕ್‌ಫೀಲ್ಡಿನಲ್ಲಿ ಅದೇ ಹೊತ್ತಿಗೆ ಕುರಿಗಳು ಈಯುತ್ತಿರುತ್ತವೆ.