ಗೆದ್ವಾ ನಾವು?

ಭಾನುವಾರ ಕೇಳಿದ ಮಾತು, ಇವತ್ತು ಗುರುವಾರ ಆದ್ರೂ ತಲೆಯಿಂದ ಹೋಗ್ತಾ ಇಲ್ಲ. ಪಿಕಲ್‌ಬಾಲ್ ಗೇಮ್ ಮುಗಿದು ಎಲ್ರೂ ನೆಟ್ ಹತ್ರ ಪ್ಯಾಡಲ್, ಅಂದ್ರೆ ಬ್ಯಾಟ್, ತಾಗಿಸ್ತಾ ಇರುವಾಗ ನಮ್ಮ ಗುಂಪಿನ ಹೊಸ ಆಂಟಿ ನನ್ನತ್ರ ಬಂದು ಕೇಳಿದ್ರು, "ಗೆದ್ವಾ ನಾವು? ಸರ್ವ್ ಮಾಡಿದ್ದು, ಸರ್ವ್ ವಾಪಸ್ ಕೊಟ್ಟದ್ದು ಬಿಟ್ರೆ ನಂಗೊಂದು ಬಾಲೂ ಸಿಕ್ಲಿಲ್ಲ ಮಾರಾಯ್ರೆ." ಕೋಪ ಇರ್ಲಿಲ್ಲ, ನಿಜವಾಗಿ ಗೊತ್ತಾಗದೇ ಕೇಳಿದ್ದು.

ಮಂಗಳೂರಿನ ಬಿಜೈಯಲ್ಲಿ ನಾವು ಆಡುದು ಶಟಲ್ ಕೋರ್ಟಲ್ಲೇ. ಪಿಕಲ್‌ಬಾಲಿಗೂ ಅದೇ 44 ಅಡಿ ಉದ್ದ, 20 ಅಡಿ ಅಗಲ ಸಾಕು, ನೆಟ್ ಇಳಿಸಿ ಟೇಪ್ ಅಂಟಿಸಿದ್ರೆ ಆಯ್ತು. ಕಿಚನ್, ಅಂದ್ರೆ ನೆಟ್ ಹತ್ರ ಒಳಗೆ ನಿಂತು ವಾಲಿ ಹೊಡೀಬಾರದ ಜಾಗ, ಮಾತ್ರ 7 ಅಡಿ, ಶಟಲ್‌ನ ಸರ್ವಿಸ್ ಗೆರೆಗಿಂತ ಅರ್ಧ ಅಡಿ ಹಿಂದೆ. ಶಟಲ್ ಆಡಿ ಬಂದವ್ರು ಹಳೇ ಗೆರೆ ನೋಡಿ ನಿಲ್ತಾರೆ, ಬಾಲ್ ನೆಲಕ್ಕೆ ಬೀಳುವ ಮೊದ್ಲೇ ವಾಲಿ ಹೊಡೀತಾರೆ, ಫಾಲ್ಟ್.

ಆಂಟಿಯ ಪಾರ್ಟ್‌ನರ್ ಅಂಥವ್ನೇ. ಒಳ್ಳೇ ಹುಡುಗ, ಎಲ್ರಿಗಿಂತ ಮೊದ್ಲು ಬಂದು ನೆಟ್ ಕಟ್ಟುವವ. ತಪ್ಪು ನಂದು. "ಆಂಟಿ ಹೊಸಬ್ರು, ಸ್ವಲ್ಪ ನೋಡ್ಕೋ" ಅಂತ ನಾನೇ ಹೇಳಿದ್ದು, ಅವ ಅದನ್ನು ಅಕ್ಷರಶಃ ತಗೊಂಡು ಅವ್ರ ಎದುರಿಗೆ ಬಂದ ಬಾಲನ್ನೂ ಓಡಿ ಬಂದು ಹೊಡ್ದ, 11-4. ಆಚೆ ಕೂತಿದ್ದ ಒಬ್ರು "ಆಂಟಿ ಲಕ್ಕಿ, ಬೆವರದೇ ಗೆದ್ರು" ಅಂತ ನಗಾಡಿದ್ರು. ಆ ನಗು ನಂಗೆ ಇಷ್ಟ ಆಗ್ಲಿಲ್ಲ.

ಗೆದ್ವಾ ನಾವು? ರಾತ್ರಿ ಅಮ್ಮನ ನೆನಪಾಯ್ತು. ಮಂಡಿನೋವು ಶುರುವಾದ್ಮೇಲೆ ತೆಂಗಿನಕಾಯಿ ತುರಿಯುದು, ಕಾರ್‌ಸ್ಟ್ರೀಟಿಗೆ ಹೋಗಿ ಹೂ ತರುದು, ಒಂದೊಂದೇ ಕೆಲಸ ಅವರ ಕೈಯಿಂದ ತೆಗ್ದೆವು. "ನೀವು ಕೂತ್ಕೊಳ್ಳಿ, ನಾವು ಮಾಡ್ತೇವೆ." ಪ್ರೀತಿಯಿಂದಲೇ ಹೇಳಿದ್ದು. ಅಮ್ಮ ಕೂತ್ರು. ಆಮೇಲೆ ಏಳುದೇ ಕಮ್ಮಿ ಆಯ್ತು.

ಬುಧವಾರ ಗೇಮೇ ಬೇಡ ಅಂದೆ. ನಾಲ್ಕೂ ಜನ ಕಿಚನ್ ಗೆರೆ ಹಿಂದೆ ನಿಂತು ಬರೀ ಡಿಂಕ್, ಅಂದ್ರೆ ಮೆಲ್ಲ ಎತ್ತಿ ಎದುರಿನ ಕಿಚನ್‌ನಲ್ಲೇ ಬೀಳಿಸುದು. ಬಾಲ್ ಒಂದೇ, ಆದ್ರೆ ಕೆಲಸ ಬೇರೆ ಬೇರೆ. ಆಂಟಿಗೆ ಐದು ಸಲ ನೆಟ್ ದಾಟಿಸಿದ್ರೆ ಸಾಕು, ಹುಡುಗನಿಗೆ ಬ್ಯಾಕ್‌ಹ್ಯಾಂಡ್ ಮಾತ್ರ, ಅದೂ ಕ್ರಾಸ್‌ಕೋರ್ಟ್, ಓರೆಯಾಗಿ ಆಚೆ ಮೂಲೆಗೆ. ಹತ್ರ ಹೋಗಿ ನೋಡಿದ್ರೆ ಅವನ ಬೆರಳಿನ ಗೆಣ್ಣು ಬಿಳಿಯಾಗುವಷ್ಟು ಗಟ್ಟಿ ಹಿಡ್ದಿದ್ದಾನೆ, ಬಾಲ್ ಪಟ್ ಅಂತ ಮೇಲೆದ್ದು ಹೋಗ್ತದೆ. ಆಂಟಿಯ ಹಿಡಿತ ಸಡಿಲ, ಹಕ್ಕಿಮರಿ ಹಿಡಿದ ಹಾಗೆ, ಬಾಲ್ ಪ್ಯಾಡಲಲ್ಲಿ ಒಂದು ಕ್ಷಣ ಕೂತು ನೆಟ್ಟಿನಾಚೆ ಜಾರ್ತದೆ. ಒಂಬತ್ತು ಹೋಯ್ತು. ಹುಡುಗ ಆಟ ನಿಲ್ಲಿಸಿ, "ಆಂಟಿ, ಕೈ ಹೇಗೆ ಹಿಡಿಯುದು, ಇನ್ನೊಮ್ಮೆ ತೋರಿಸಿ" ಅಂದ.

ಬರುವ ಭಾನುವಾರ ಇಬ್ರೂ ಮತ್ತೆ ಒಂದೇ ಸೈಡ್. ನಡುವೆ ಬಂದ ಬಾಲಿಗೆ ಆಂಟಿಯೇ "ನಂದು" ಅಂತ ಕೂಗ್ಬೇಕು, ಕೂಗಿದ್ರೆ ಅವ ಮುಟ್ಲಿಕ್ಕಿಲ್ಲ ಅಂತ ಹೇಳಿಟ್ಟಿದ್ದೇನೆ. ನಿನ್ನೆ ಮೆಟ್ಟಿಲು ಇಳಿಯುವಾಗ ಆಂಟಿ ಒಬ್ರೇ ಅದನ್ನು ಹೇಳಿ ನೋಡ್ತಾ ಇದ್ರು, ಮೊದ್ಲು ಮೆಲ್ಲ, ಆಮೇಲೆ ಸ್ವಲ್ಪ ಜೋರಾಗಿ.